ಆನೆಗೆ ಮೂರು ಪ್ರದಕ್ಷಿಣೆ

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ರಾಣಿಬಾಗ್ ಮೃಗಾಲಯಕ್ಕೆ ಹೋಗುವವರಲ್ಲಿ ಹೆಚ್ಚಿನವರಿಗೆ ಪೆಂಗ್ವಿನ್ ನೋಡುವ ಅವಸರ. ಅಲ್ಲೇ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ನಿಂತಿರುವ ಕಪ್ಪು ಕಲ್ಲಿನ ಆನೆಯತ್ತ ಅವರ ಕಣ್ಣು ಹೋಗುವುದು ಕಡಿಮೆ. ಸಾದಾ ಫೋಟೊಗಳಿಂದ ತ್ರೀಡಿ ದೃಶ್ಯ ಕಟ್ಟುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಮೊದಲು ಕಳಿಸುವುದು ಈ ಆನೆಯ ಬಳಿಗೆ.

ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಅಲ್ಲಿದ್ದ ಈ ಆನೆಯನ್ನು ಕಂಡೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟವರು ಎತ್ತುವಾಗ ಕೆಡವಿದರು, ಕಲ್ಲು ಚೂರಾಯಿತು. ಆ ಚೂರುಗಳನ್ನು ಮುಂಬಯಿಗೆ ತಂದಿಟ್ಟರು. 1914ರಲ್ಲಿ ಕ್ಯಾಡೆಲ್ ಮತ್ತು ಹ್ಯೂವೆಟ್ ಎಂಬ ಇಬ್ಬರು ಅವನ್ನು ಹೊಂದಿಸಿ ಮತ್ತೆ ಆನೆಯನ್ನು ನಿಲ್ಲಿಸಿದರು. ಯಾವ ತುಂಡಿನ ಅಂಚು ಯಾವುದಕ್ಕೆ ಕೂಡುತ್ತದೆ ಎಂದು ಹುಡುಕುತ್ತಾ ಹೋದ ಆ ಕೆಲಸವನ್ನೇ ಇಂದು ಕಂಪ್ಯೂಟರು ಫೋಟೊಗಳ ಮೇಲೆ ಮಾಡುತ್ತದೆ.

ಒಂದು ಫೋಟೊದಲ್ಲಿ ಕಾಣುವ ಗುರುತು, ಉದಾಹರಣೆಗೆ ಸೊಂಡಿಲ ಬುಡದ ಒಂದು ಕುಳಿ, ಪಕ್ಕದ ಫೋಟೊದಲ್ಲಿ ಎಲ್ಲಿಗೆ ಸರಿದಿದೆ ಎಂದು ತಂತ್ರಾಂಶ ನೋಡುತ್ತದೆ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಇಂಥ ಸಾವಿರಾರು ಗುರುತುಗಳನ್ನು ತಾಳೆ ಹಾಕಿ, ಪ್ರತಿ ಫೋಟೊ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಗುರುತುಗಳು ಎಷ್ಟು ದೂರದಲ್ಲಿದ್ದವು ಎಂಬ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಇದರ ಬೇರು ಹಳೆಯದು. ಜರ್ಮನಿಯ ಆಲ್ಬ್ರೆಕ್ಟ್ ಮೇಡೆನ್‌ಬಾವರ್ 1858ರಲ್ಲಿ ಒಂದು ಚರ್ಚನ್ನು ಅಳೆಯುತ್ತಿದ್ದಾಗ ಮೇಲಿಂದ ಬೀಳುವುದರಲ್ಲಿದ್ದ. ಏರಿ ಅಳೆಯುವ ಬದಲು ಫೋಟೊದಿಂದಲೇ ಅಳೆಯಬಾರದೇಕೆ ಎಂದು ಅವನಿಗೆ ಹೊಳೆದದ್ದು ಆಮೇಲೆ. ಆ ವಿದ್ಯೆಗೆ ಈಗ ಫೋಟೊಗ್ರಾಮೆಟ್ರಿ ಎಂದು ಹೆಸರು.

ಹೀಗಾಗಿ ಈ ಹವ್ಯಾಸದಲ್ಲಿ ಕ್ಯಾಮೆರಾಕ್ಕಿಂತ ಕಾಲು ಮುಖ್ಯ. ಒಂದೇ ಕಡೆ ನಿಂತು ಕ್ಯಾಮೆರಾ ತಿರುಗಿಸುತ್ತಾ ನೂರು ಫೋಟೊ ತೆಗೆದರೂ ಆಳ ಸಿಗದು; ನಿಂತ ಜಾಗ ಬದಲಾದರೆ ಮಾತ್ರ ಗುರುತುಗಳು ತಮ್ಮ ತಮ್ಮ ದೂರಕ್ಕೆ ತಕ್ಕಂತೆ ಸರಿಯುವುದು. ಆನೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ: ಒಂದು ಕುಕ್ಕರುಗಾಲಲ್ಲಿ, ಒಂದು ಎದೆಯೆತ್ತರದಲ್ಲಿ, ಒಂದು ಕೈ ಮೇಲೆತ್ತಿ. ಅರ್ಧ ಹೆಜ್ಜೆಗೊಂದು ಫೋಟೊ. ಹಿಂದಿನ ಫೋಟೊದಲ್ಲಿದ್ದದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಲಿ. ಝೂಮ್ ಮುಟ್ಟಬೇಡಿ, ಫೋಕಸ್ಸನ್ನೂ ಎಕ್ಸ್‌ಪೋಷರನ್ನೂ ಲಾಕ್ ಮಾಡಿ. ಹೊಟ್ಟೆಯಡಿಗೆ ಬಾಗಿ ತೆಗೆಯುವುದನ್ನು ಮಾತ್ರ ಮರೆಯಬಾರದು. ಯಾರಾದರೂ ಮಾಡಿದ ತ್ರೀಡಿ ಆನೆಯನ್ನು ತೋರಿಸಿದರೆ ನಾನು ಮೊದಲು ಮಗುಚಿ ನೋಡುವುದು ಹೊಟ್ಟೆಯಡಿಯನ್ನೇ; ಮಾಡಿದವರ ಶ್ರದ್ಧೆ ಅಲ್ಲಿ ತಿಳಿಯುತ್ತದೆ.

ಸವೆದ ಒರಟು ಕಲ್ಲಿನ ಮೈಯಲ್ಲಿ ಗೆರೆ, ಕಲೆ, ಕುಳಿ ಧಾರಾಳ. ಒಂದಿಂಚು ಜಾಗ ಇನ್ನೊಂದರಂತಿಲ್ಲ. ತಾಳೆ ಹಾಕಲು ಇದಕ್ಕಿಂತ ಒಳ್ಳೆಯ ಮೈ ಸಿಗುವುದು ಕಷ್ಟ. ಬೈಕುಲ್ಲಾದಲ್ಲೇ ಫ್ಲೈಓವರುಗಳ ನಡುವೆ ನಿಂತಿರುವ ಖಡಾ ಪಾರ್ಸಿ ಇದಕ್ಕೆ ತದ್ವಿರುದ್ಧ. ಪಾರ್ಸಿ ಮಹನೀಯರೊಬ್ಬರ ಪ್ರತಿಮೆಯನ್ನು ಹೊತ್ತ ಆ ಕಂಬ ಎರಕದ ಕಬ್ಬಿಣದ್ದು. ಬಣ್ಣ ಬಳಿದ ಲೋಹದಲ್ಲಿ ಗುರುತು ಕಡಿಮೆ, ಹೊಳಪು ಹೆಚ್ಚು. ನಾವು ಸರಿದಂತೆ ಹೊಳಪೂ ಸರಿಯುವುದರಿಂದ ಲೆಕ್ಕ ದಿಕ್ಕು ತಪ್ಪುತ್ತದೆ. ಬೇಲೂರಿನ ನುಣುಪು ಕಂಬಗಳ ಪಾಡೂ ಇದೇ.

ಹೊಳಪಿನ ಈ ತೊಡಕಿಗೆ 2023ರಲ್ಲಿ ಒಳ್ಳೆಯ ದಾರಿ ಸಿಕ್ಕಿತು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ಮತ್ತು ಸಂಗಡಿಗರು ಪ್ರಕಟಿಸಿದ ಗೌಸಿಯನ್ ಸ್ಪ್ಲಾಟಿಂಗ್, ಮೈಯನ್ನು ಗಟ್ಟಿ ಸಿಪ್ಪೆಯಾಗಿ ಕಟ್ಟುವುದಿಲ್ಲ. ಲಕ್ಷಗಟ್ಟಲೆ ಮಸುಕು ಅಂಚಿನ ಬಣ್ಣದ ಚುಕ್ಕೆಗಳನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ನೋಡುವ ಕೋನಕ್ಕೆ ತಕ್ಕಂತೆ ಚುಕ್ಕೆಯ ಬಣ್ಣ ಬದಲಾಗುವುದರಿಂದ ಹೊಳಪೂ ಬರುತ್ತದೆ, ಮರದ ಎಲೆಗಳೂ ಬರುತ್ತವೆ. ಆನೆಯ ಜೊತೆ ಅದರ ಹಿಂದಿನ ತೋಟವೂ ಬೇಕು, ಒಳಗೆ ಓಡಾಡಿದಂತಾಗಬೇಕು ಎನ್ನುವವರಿಗೆ ಇದೇ ಸರಿ. ಅಳತೆ ತೆಗೆಯಬೇಕು, ಅಚ್ಚು ತೆಗೆಯಬೇಕು ಎಂದರೆ ಹಳೆಯ ದಾರಿಯೇ ಲೇಸು. ಅದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಮೆಶ್‌ರೂಮ್, ಕೋಲ್‌ಮ್ಯಾಪ್ ಎರಡೂ ಉಚಿತ. ಸ್ಪ್ಲಾಟ್ ಮಾಡಲು ಸ್ಕ್ಯಾನಿವರ್ಸ್‌ನಂಥ ಆ್ಯಪ್ ಇದ್ದರೆ ಫೋನೇ ಸಾಕು.

ಒಂದೇ ಫೋಟೊಗೆ ಆಳ ಕೊಡುವ ಸೌಲಭ್ಯವೂ ಫೋನುಗಳಲ್ಲಿ ಬಂದಿದೆ. ಅಜ್ಜನ ಹಳೆಯ ಫೋಟೊ ಹಾಗೆ ಅಲುಗಿದರೆ ಮನಸ್ಸು ಕರಗುತ್ತದೆ, ನಿಜ. ಆದರೆ ಕ್ಯಾಮೆರಾ ಕಾಣದ ಬೆನ್ನನ್ನು ಅದು ಊಹಿಸಿ ತುಂಬುತ್ತದೆ. ಕಲ್ಲಿನ ದಾಖಲೆಗೆ ಊಹೆ ಬೇಡ.

ಇನ್ನೊಂದು ಮಾತು. ಬರೀ ಫೋಟೊಗಳಿಂದ ಆಕಾರ ಸಿಗುತ್ತದೆಯೇ ಹೊರತು ಗಾತ್ರ ಸಿಗುವುದಿಲ್ಲ. ಈ ಆನೆಗೂ ಅದರದ್ದೇ ಪಡಿಯಚ್ಚಿನ ಅಂಗೈಯಗಲದ ಬೊಂಬೆಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಪೀಠದ ಪಕ್ಕ ಒಂದು ಅಡಿಕೋಲು ಇಟ್ಟು ತೆಗೆದರೆ ಆ ಕೊರತೆ ತೀರಿತು. ಮೂಲ ಫೋಟೊಗಳನ್ನು ಎಂದಿಗೂ ಅಳಿಸಬೇಡಿ. ಹೊಸ ತಂತ್ರಾಂಶ ಬಂದಾಗ ಅವೇ ಫೋಟೊಗಳಿಂದ ಇನ್ನೂ ಚೆನ್ನಾದ ದೃಶ್ಯ ಹೊರಡುತ್ತದೆ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಶಾಸನಗಳ ತ್ರೀಡಿ ದಾಖಲೆ ಮಾಡುತ್ತಿದ್ದಾರೆ. ಪರದೆಯ ಮೇಲೆ ಬೆಳಕನ್ನು ಓರೆ ಮಾಡಿದರೆ ಸವೆದ ಅಕ್ಷರ ಎದ್ದು ಬರುತ್ತದೆ. ನಮ್ಮ ಬಳಿ ಆ ಯಂತ್ರವಿಲ್ಲ, ಫೋನಿದೆ. ಮೋಡ ಕವಿದು ಮಳೆ ಬಾರದ ಒಂದು ಬೆಳಿಗ್ಗೆ ಆನೆಯ ಮೇಲೆ ಕೈ ಪಳಗಿಸಿಕೊಳ್ಳಿ. ಬುಧವಾರ ಬೇಡ, ಅಂದು ರಾಣಿಬಾಗ್ ಮುಚ್ಚಿರುತ್ತದೆ. ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಕೆರೆ ಏರಿಯ ಮೇಲಿನ ವೀರಗಲ್ಲಿಗೂ ಮೂರು ಪ್ರದಕ್ಷಿಣೆ ಹಾಕಿ ಬನ್ನಿ.