ಸಾಲದ ಹೆಸರು ಹೊತ್ತ ಆಟಗಾರ

ನಮ್ಮಲ್ಲಿ ಒಂದು ಅಭ್ಯಾಸವಿದೆ. ಹೊಸಬನೊಬ್ಬ ಏನನ್ನಾದರೂ ಒಂದಿಷ್ಟು ಚೆನ್ನಾಗಿ ಮಾಡಿ ತೋರಿಸಿದರೆ, ಅವನ ಹೆಸರನ್ನು ಸರಿಯಾಗಿ ಕಲಿಯುವ ಮೊದಲೇ ಅವನಿಗೆ ಬೇರೆಯವರ ಹೆಸರು ಇಟ್ಟುಬಿಡುತ್ತೇವೆ. ಮುಸ್ಲಿಂ ಹುಡುಗನೊಬ್ಬನ ಎರಡು ಕಥೆ ಅಚ್ಚಾದರೆ ಸಾಕು, ಅವನು 'ಕನ್ನಡದ ಮಂಟೋ'. ಅಲ್ಲಿಗೆ ಹೊಗಳಿದವರ ಕೆಲಸ ಮುಗಿಯಿತು, ಕಥೆ ಓದುವ ಶ್ರಮವೂ ಉಳಿಯಿತು. ಫುಟ್‌ಬಾಲ್ ಮೈದಾನದಲ್ಲಿ ನಡೆಯುವುದೂ ಇದೇ. ಸಹಲ್ ಅಬ್ದುಲ್ ಸಮದ್ ಎಂಬ ಮಿಡ್‌ಫೀಲ್ಡರ್‌ನನ್ನು ಅಭಿಮಾನಿಗಳೂ ಪತ್ರಿಕೆಗಳೂ 'ಭಾರತದ ಓಝಿಲ್' ಎಂದು ಕರೆದವು. ಈ ಹೆಸರು ಅವನಿಗೆ ಕೊಟ್ಟದ್ದೇನು, ಅವನಿಂದ ಕಸಿದದ್ದೇನು ಎಂದು ಕೇಳುತ್ತಾ ಹೋದರೆ ನಮ್ಮ ದೇಶದ ಫುಟ್‌ಬಾಲಿನ ಹಣೆಬರಹವೂ ಸ್ವಲ್ಪ ಕಾಣುತ್ತದೆ.

ಸಹಲ್ ಹುಟ್ಟಿದ್ದು 1997ರ ಏಪ್ರಿಲ್ 1ರಂದು, ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ. ಮನೆತನ ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನದು. ಎಂಟರ ವಯಸ್ಸಿನಲ್ಲಿ ಅಬುಧಾಬಿಯ ಒಂದು ಅಕಾಡೆಮಿಯಲ್ಲಿ ಚೆಂಡು ಒದೆಯಲು ಕಲಿತ. ಊರಿಗೆ ಮರಳಿದ ಮೇಲೆ ಕಣ್ಣೂರಿನ ಕಾಲೇಜು, ವಿಶ್ವವಿದ್ಯಾಲಯದ ತಂಡ, ನಂತರ ಕೇರಳದ ಪರವಾಗಿ ಸಂತೋಷ್ ಟ್ರೋಫಿ, ಅಲ್ಲಿಂದ ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿನ ಮೀಸಲು ತಂಡ. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಓದುಗರಿಗೆ ಈ ದಾರಿಯ ಮೊದಲರ್ಧ ಹೊಸದಲ್ಲ. ಕೊಲ್ಲಿಯಲ್ಲಿ ಬಾಲ್ಯ, ಕಾಲೇಜಿಗೆ ಊರು. ಎರಡನೆಯ ಅರ್ಧದಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ವೃತ್ತಿಪರ ಆಟ ಅವನಿಗೆ ದೊರೆತದ್ದು ಇಪ್ಪತ್ತರ ವಯಸ್ಸಿನಲ್ಲಿ. ಸ್ಪೇನಿನ ಪೆಡ್ರಿ ಆ ವಯಸ್ಸಿಗೆ ಬಾರ್ಸಿಲೋನಾದಲ್ಲಿ ಎರಡು ಋತು ಮುಗಿಸಿ, ಯೂರೋ ಕಪ್ಪಿನ ಅತ್ಯುತ್ತಮ ಯುವ ಆಟಗಾರ ಎನಿಸಿಕೊಂಡಾಗಿತ್ತು. ಪ್ರತಿಭೆಯಲ್ಲಿ ಇವರಿಬ್ಬರನ್ನು ತೂಗಿ ನೋಡುವುದು ನಮ್ಮ ಉದ್ದೇಶವಲ್ಲ. ಒಬ್ಬನಿಗೆ ಏಣಿ ಸಿದ್ಧವಾಗಿತ್ತು, ಇನ್ನೊಬ್ಬ ಏಣಿಯನ್ನು ಹುಡುಕುತ್ತಾ ಬಂದ ಎಂದಷ್ಟೇ ಹೇಳುತ್ತಿದ್ದೇವೆ.

2018-19ರ ಇಂಡಿಯನ್ ಸೂಪರ್ ಲೀಗ್ ಸಹಲ್‌ನನ್ನು ಬೆಳಕಿಗೆ ತಂದಿತು. ಆ ಋತುವಿನಲ್ಲಿ ಬ್ಲಾಸ್ಟರ್ಸ್ ತಂಡದ ಪ್ರದರ್ಶನ ತೀರಾ ಸಾಧಾರಣ. ಸಹಲ್ ಹೊಡೆದದ್ದೂ ಒಂದೇ ಗೋಲು, ಚೆನ್ನೈಯಿನ್ ವಿರುದ್ಧ. ಆದರೂ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವನಿಗೇ ಬಂತು. 2019ರ ಜೂನ್‌ನಲ್ಲಿ ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ಕುರಸಾವ್ ವಿರುದ್ಧ ಭಾರತದ ಅಂಗಿ ತೊಟ್ಟ. ಒಂದು ಗೋಲಿನ ಹುಡುಗನಿಗೆ ಇದೆಲ್ಲ ಏಕೆ ಸಿಕ್ಕಿತು? ನೋಡಿದವರು ಬಲ್ಲರು. ನಮ್ಮ ಆಟಗಾರರು ಸಾಮಾನ್ಯವಾಗಿ ಚೆಂಡು ಕಾಲಿಗೆ ಬಂದ ತಕ್ಷಣ ಅದನ್ನು ದಾಟಿಸಿಬಿಡಲು ಅವಸರಪಡುತ್ತಾರೆ. ಇವನಿಗೆ ಆ ಅವಸರವಿರಲಿಲ್ಲ. ಮೈಮೇಲೆ ಇಬ್ಬರು ಎರಗಿ ಬಂದಾಗ ಚೆಂಡನ್ನು ಪಾದದಡಿಯಲ್ಲಿ ಹಿಡಿದು, ಸೊಂಟವನ್ನೊಮ್ಮೆ ತಿರುವಿ, ಆ ಇಬ್ಬರ ನಡುವಿನಿಂದಲೇ ಹೊರಬರುತ್ತಿದ್ದ. ಉರ್ದುವಿನಲ್ಲಿ ಇದಕ್ಕೆ 'ಹುನರ್' ಎನ್ನುತ್ತಾರೆ. ಕಸುಬು ಕೈಗೆ, ಇಲ್ಲಿ ಕಾಲಿಗೆ, ಹತ್ತಿದವನ ನಿರಾಳ ಅದು.

ಓಝಿಲ್ ಹೆಸರು ಬಂದದ್ದು ಈ ಹೊತ್ತಿನಲ್ಲಿಯೇ. ಹೊಗಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮೆಸುಟ್ ಓಝಿಲ್‌ನ ಹೆಸರಿನ ಜೊತೆ ಅವನ ಮೇಲಿನ ದೂರೂ ಬರುತ್ತದೆ. ಜರ್ಮನಿಗೆ 2014ರ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬನಾದ ಅವನನ್ನು ಸೋಮಾರಿ, ಚೆಂಡು ಕಳೆದುಕೊಂಡರೆ ಹಿಂದಕ್ಕೆ ಓಡುವವನಲ್ಲ ಎಂದು ವರ್ಷಗಟ್ಟಲೆ ಆಡಿಕೊಂಡರು. 2018ರ ಜುಲೈಯಲ್ಲಿ ಜನಾಂಗದ್ವೇಷದ ನೋವು ಹೇಳಿ ಅವನು ದೇಶದ ತಂಡವನ್ನೇ ತೊರೆದ. ಸಹಲ್ ವಿಷಯದಲ್ಲೂ ಹೊಗಳಿಕೆಯ ಬೆನ್ನಿಗೇ ಅದೇ ಆಕ್ಷೇಪ ಬಂತು: ಚೆಂದ ಆಡುತ್ತಾನೆ, ಆದರೆ ರಕ್ಷಣೆಗೆ ಒದಗುವುದಿಲ್ಲ. 2019-20ರಲ್ಲಿ ತರಬೇತುದಾರ ಬದಲಾದಾಗ ಮೈದಾನದಲ್ಲಿ ಅವನಿಗೆ ಸಿಗುವ ಸಮಯ ಕಡಿಮೆಯಾಯಿತು. ಮುಂದೆ ಇವಾನ್ ವುಕೊಮನೊವಿಚ್ ಬಂದ ಮೇಲೆ ಅವನನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ ಆಡಿಸಿದರು.

ಇದನ್ನು ತರಬೇತುದಾರರ ಹಟ ಎಂದು ಬಗೆದರೆ ವಿಷಯ ಅರ್ಧವೇ ತಿಳಿದಂತೆ. ಲೀಗಿನ ಲೆಕ್ಕಾಚಾರವನ್ನೂ ನೋಡಬೇಕು. ಆರಂಭದ ಋತುಗಳಲ್ಲಿ ಒಂದು ತಂಡ ಮೈದಾನಕ್ಕೆ ಆರು ಮಂದಿ ವಿದೇಶಿಯರನ್ನು ಇಳಿಸಬಹುದಿತ್ತು. 2017-18ರಿಂದ ಅದು ಐದಾಯಿತು, 2021-22ರಿಂದ ನಾಲ್ಕಾಯಿತು. ಸಂಖ್ಯೆ ಇಳಿದದ್ದು ಸರಿಯೇ. ಆದರೆ ದುಡ್ಡು ಕೊಟ್ಟು ಕರೆಸಿದ ಆ ನಾಲ್ವರನ್ನು ಕ್ಲಬ್ಬುಗಳು ಎಲ್ಲಿ ನಿಲ್ಲಿಸುತ್ತವೆ? ಬೆನ್ನೆಲುಬಿನಲ್ಲಿ: ರಕ್ಷಣೆಯ ನಡುವೆ, ಮಿಡ್‌ಫೀಲ್ಡಿನ ನಡುವೆ, ಗೋಲಿನ ಮುಂದೆ. ಅಂಚಿನ ಸ್ಥಾನಗಳು ನಮ್ಮವರ ಪಾಲಿಗೆ. ಹೀಗಾಗಿ ಆಟವನ್ನು ಕಟ್ಟುವ ಕೆಲಸವನ್ನು ಭಾರತೀಯ ಹುಡುಗ ಕಲಿಯುವುದು ಎಲ್ಲಿ? ಅಡುಗೆ ಮನೆಯಲ್ಲಿ ತರಕಾರಿ ಹೆಚ್ಚಲು ಬಿಟ್ಟು, ಒಲೆಯ ಹತ್ತಿರಕ್ಕೆ ಬಿಡದೆ, ಇವನಿಗೆ ಅಡುಗೆ ಬಾರದು ಎಂದರೆ ಅದು ನ್ಯಾಯವೇ? ರಾಷ್ಟ್ರೀಯ ತಂಡ ಗೋಲಿಗಾಗಿ ಒಂದೂವರೆ ದಶಕ ಸುನಿಲ್ ಛೆಟ್ರಿ ಒಬ್ಬರ ಮುಖ ನೋಡಿದ್ದಕ್ಕೂ, ಅವರ ಹಿಂದೆ ನಿಂತು ಚೆಂಡು ಒದಗಿಸುವವರು ಅಪರೂಪವಾದದ್ದಕ್ಕೂ ಇದೊಂದು ಮುಖ್ಯ ಕಾರಣ ಎಂಬುದು ನಮ್ಮ ಅಭಿಪ್ರಾಯ.

ಸಹಲ್‌ನ ಹೆಸರಾಂತ ಗೋಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2021ರ ಅಕ್ಟೋಬರ್ 16, ಮಾಲೆ, ಸ್ಯಾಫ್ ಫೈನಲ್: ನೇಪಾಳದ ರಕ್ಷಕರನ್ನು ಒಬ್ಬೊಬ್ಬರನ್ನಾಗಿ ದಾಟಿ ಹೊಡೆದ ಮೂರನೆಯ ಗೋಲು, 90ನೇ ನಿಮಿಷ. 2022ರ ಜೂನ್ 11, ಕೋಲ್ಕತಾ, ಏಷ್ಯನ್ ಕಪ್ ಅರ್ಹತಾ ಪಂದ್ಯ: ಅಫ್ಘಾನಿಸ್ತಾನ ಸಮ ಮಾಡಿಕೊಂಡ ಬೆನ್ನಲ್ಲೇ ಗೆಲುವಿನ ಗೋಲು, 90 ನಿಮಿಷ ದಾಟಿದ ಮೇಲೆ. 2024ರ ಏಪ್ರಿಲ್ 28, ಕೋಲ್ಕತಾ, ಲೀಗ್ ಸೆಮಿಫೈನಲ್: ಒಡಿಶಾ ವಿರುದ್ಧ ಮೋಹನ್ ಬಾಗಾನ್ ತಂಡವನ್ನು ಫೈನಲಿಗೆ ಮುಟ್ಟಿಸಿದ ಗೋಲು, ಅದೂ 90 ನಿಮಿಷ ಕಳೆದ ಮೇಲೆ. ಮೂರು ಸಲವೂ ಅವನು ಬದಲಿ ಆಟಗಾರನಾಗಿ ಬಂದವನು. ಎದುರಾಳಿಗಳು ದಣಿದು ಸಾಲು ಚದುರಿದಾಗ ಇಂಥ ಕಾಲುಗಳಿಗೆ ಜಾಗ ಸಿಗುತ್ತದೆ ಎಂಬುದು ನಿಜ. ಆದರೆ ಕಷ್ಟಕಾಲದಲ್ಲಿ ನೆನಪಾಗುವ ಬಂಧುವಿನಂತೆ ಅವನನ್ನು ಬಳಸಿಕೊಂಡದ್ದೂ ನಿಜ. ಯೋಜನೆಯಂತೆ ಆಟ ಸಾಗುವಾಗ ಅವನು ಬೇಡ, ಯೋಜನೆ ಮುರಿದಾಗ ಬೇಕು.

ಮೊದಲಿನಿಂದಲೇ ಆಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣವೇ ಸಾಕ್ಷಿ. 2023ರ ಜುಲೈ 4ರ ಸ್ಯಾಫ್ ಫೈನಲ್‌ನಲ್ಲಿ ಕುವೈತ್ 14ನೇ ನಿಮಿಷದಲ್ಲಿ ಮುಂದಾಗಿತ್ತು. 38ನೇ ನಿಮಿಷದಲ್ಲಿ ಛೆಟ್ರಿಯಿಂದ ಚೆಂಡು ಪಡೆದ ಸಹಲ್ ಗೋಲಿನತ್ತ ತಾನೇ ಹೊಡೆಯಲಿಲ್ಲ. ಅಡ್ಡಕ್ಕೆ ತಳ್ಳಿದ. ಛಾಂಗ್ಟೆ ಮುಟ್ಟಿಸಿದ. ಕೊನೆಗೆ ಪೆನಾಲ್ಟಿಯಲ್ಲಿ ಭಾರತ 5-4ರಿಂದ ಗೆದ್ದಿತು. ಗೋಲು ಹೊಡೆದವರ ಪಟ್ಟಿಯಲ್ಲಿ ಸಹಲ್ ಹೆಸರಿಲ್ಲ. ಮಿಡ್‌ಫೀಲ್ಡರನ ಬದುಕೇ ಹಾಗೆ. ಓದುಗ ನೆನಪಿಟ್ಟುಕೊಳ್ಳುವುದು ಕಥೆಯ ಕೊನೆಯ ಸಾಲನ್ನು, ಅದಕ್ಕೆ ಮೊದಲಿನ ಸಾಲನ್ನಲ್ಲ. ಬರೆಯುವವರಿಗೆ ಮಾತ್ರ ಗೊತ್ತು, ಬೆವರು ಸುರಿದದ್ದು ಯಾವುದಕ್ಕೆಂದು.

ಹಾಗೆಂದು ಅವನ ಕುಂದುಗಳನ್ನು ಮುಚ್ಚಿಟ್ಟರೆ ಅದು ವಿಮರ್ಶೆಯಾಗದು. ಸಹಲ್ ಎಷ್ಟೋ ಸಲ ಒಂದು ಸ್ಪರ್ಶ ಹೆಚ್ಚಾಗಿ ತೆಗೆದುಕೊಳ್ಳುತ್ತಾನೆ. ಇಬ್ಬರನ್ನು ದಾಟಿದ ಖುಷಿಯಲ್ಲಿ ಮೂರನೆಯವನಿಗೆ ಚೆಂಡು ಒಪ್ಪಿಸಿದ ಉದಾಹರಣೆಗಳಿಗೆ ಬರವಿಲ್ಲ. ಇಡೀ ಪಂದ್ಯವನ್ನು ಅಂಕೆಯಲ್ಲಿಟ್ಟುಕೊಳ್ಳುವ ಸ್ಥಿರತೆಯೂ ಅವನಿಗೆ ಸುಲಭವಾಗಿ ಒಲಿಯಲಿಲ್ಲ. ಗಾಯಗಳು ಬೇರೆ. 2021-22ರಲ್ಲಿ ಆರು ಗೋಲು ಹೊಡೆದು, ಜಂಶೆಡ್‌ಪುರ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ತನ್ನ ಒಂದೇ ಗೋಲಿನಿಂದ ಗೆಲ್ಲಿಸಿಕೊಟ್ಟವನು, ಗಾಯದಿಂದಾಗಿ ಫೈನಲ್ ಆಡಲಿಲ್ಲ. ಬ್ಲಾಸ್ಟರ್ಸ್ ಪೆನಾಲ್ಟಿಯಲ್ಲಿ ಹೈದರಾಬಾದಿಗೆ ಸೋತಿತು. ವಿದೇಶಿಯರ ಲೆಕ್ಕ ಹೇಳಿ ಈ ಕುಂದುಗಳನ್ನು ಮನ್ನಿಸಲಾಗದು. ಒಂದು ಮಾತು ಮಾತ್ರ ಸೇರಿಸಬಹುದು: ಯಾವಾಗ ಚೆಂಡು ಬಿಡಬೇಕು ಎಂಬ ವಿವೇಕ ಆಡಿ ಆಡಿಯೇ ಬರಬೇಕು, ಬೆಂಚಿನ ಮೇಲೆ ಕೂತು ಬರುವುದಿಲ್ಲ.

2023ರ ಜುಲೈಯಲ್ಲಿ ಸಹಲ್ ಕೋಲ್ಕತಾದ ಮೋಹನ್ ಬಾಗಾನ್ ಸೇರಿದ. ಬದಲಿಗೆ ಪ್ರೀತಂ ಕೊಟಾಲ್ ಕೊಚ್ಚಿಗೆ ಬಂದರು. ಬ್ಲಾಸ್ಟರ್ಸ್‌ನಲ್ಲಿ ದೊರೆಯದ ಗೆಲುವುಗಳು ಅಲ್ಲಿ ದೊರೆತವು: 2023ರ ಡುರಾಂಡ್ ಕಪ್, 2023-24ರ ಲೀಗ್ ಶೀಲ್ಡ್, 2024-25ರಲ್ಲಿ ಶೀಲ್ಡ್ ಮತ್ತು ಕಪ್ ಎರಡೂ. ಆ ಕಪ್ಪಿನ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರು ಎಫ್‌ಸಿ. ಆದರೆ ಪೆಟ್ರಾಟೋಸ್, ಕಮಿಂಗ್ಸ್, ಮೆಕ್ಲಾರೆನ್, ಗ್ರೆಗ್ ಸ್ಟುವರ್ಟ್ ತುಂಬಿದ ಮುಂಚೂಣಿಯಲ್ಲಿ ಅವನ ಜಾಗ ಮತ್ತೆ ಅದೇ: ಪಕ್ಕಕ್ಕೆ, ಇಲ್ಲವೇ ಬದಲಿಯಾಗಿ. ಕಪಾಟಿನಲ್ಲಿ ಪದಕಗಳು ಹೆಚ್ಚಿದವು, ಒಲೆ ಇನ್ನೊಬ್ಬರ ಕೈಯಲ್ಲೇ ಉಳಿಯಿತು.

ಕೋಲ್ಕತಾದ ಮಾತು ಬಂದಾಗ ನಮಗೆ ನೆನಪಾಗುವ ಹೆಸರು ಅಹಮದ್ ಖಾನ್ ಅವರದು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಮೈದಾನಗಳಲ್ಲಿ ಕಲಿತು, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಇನ್‌ಸೈಡ್ ಲೆಫ್ಟ್. ಸ್ಟ್ರೈಕರನ ಪಕ್ಕದಲ್ಲಿ, ತುಸು ಹಿಂದೆ ನಿಂತು ಆಟ ಹೆಣೆಯುವ ಸ್ಥಾನ ಅದು. ಆ ತಂಡದ 'ಪಂಚ ಪಾಂಡವರು' ಎಂಬ ಐವರಲ್ಲಿ ಅವರೂ ಒಬ್ಬರು. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಚೆಂಡಿನ ಮೇಲಿನ ಅವರ ಹಿಡಿತ ಕಂಡು ಜನ ಅವರನ್ನು ಹಾವಾಡಿಗ ಎಂದರು. 2017ರಲ್ಲಿ ತೀರಿಕೊಂಡರು. ಅದರ ಮರುವರ್ಷವೇ ಕಣ್ಣೂರಿನ ಹುಡುಗನೊಬ್ಬ ಅಂಥದೇ ಆಟವಾಡಿದಾಗ ಅವನಿಗೊಂದು ಹೋಲಿಕೆ ಹುಡುಕಿ ನಾವು ಜರ್ಮನಿಯವರೆಗೆ ಹೋದೆವು. ಮನೆಯ ಹಿರಿಯರ ಹೆಸರು ಬಾಯಿಗೆ ಬರಲಿಲ್ಲ. ಪರಂಪರೆ ಇಲ್ಲದ್ದಲ್ಲ, ನೆನಪು ಇಲ್ಲದ್ದು ನಮ್ಮ ಬಡತನ.

2025ರ ಜುಲೈಯಲ್ಲಿ, ಒಕ್ಕೂಟ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ನವೀಕರಣವಾಗದೆ, ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಸೆಪ್ಟೆಂಬರಿನಲ್ಲಿ ಎಂದಿನಂತೆ ಲೀಗ್ ಶುರುವಾಗಲಿಲ್ಲ. ಅಕ್ಟೋಬರಿನಲ್ಲಿ ಭಾರತ ಗೋವಾದಲ್ಲಿ ಸಿಂಗಾಪುರಕ್ಕೆ ಸೋತು ಮುಂದಿನ ಏಷ್ಯನ್ ಕಪ್ಪಿನ ದಾರಿ ಕಳೆದುಕೊಂಡಿತು. ಸಹಲ್‌ಗೆ ಆಗ 28 ವರ್ಷ. ಫುಟ್‌ಬಾಲಿನಲ್ಲಿ ಅದು ಫಸಲು ಕೊಯ್ಯುವ ವಯಸ್ಸು, ನಾವೋ ಅವನನ್ನು ಇನ್ನೂ ಭರವಸೆಯ ಹುಡುಗ ಎಂದೇ ಮಾತಾಡಿಸುತ್ತಿದ್ದೆವು. ಭರವಸೆ ಎಂಬುದು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದರೆ ಅದು ಕೊಡಬೇಕಾದದ್ದನ್ನು ಕೊಡದೆ ಮುಂದೂಡುವ ಸಾಲಗಾರನ ಮಾತಾಗುತ್ತದೆ. ಇಂದು ಎಲ್ಲೋ ಪಯ್ಯನ್ನೂರಿನಲ್ಲೋ, ನಮ್ಮ ಉಳ್ಳಾಲದಲ್ಲೋ ಹನ್ನೆರಡರ ಹುಡುಗನೊಬ್ಬ ಚೆಂಡನ್ನು ಪಾದದಡಿ ಹಿಡಿದು ಸೊಂಟ ತಿರುವುತ್ತಿರಬಹುದು. ಅವನಿಗೆ 'ಭಾರತದ ಸಹಲ್' ಎಂಬ ಹೆಸರು ಬೇಡ. ಮೈದಾನದ ನಡುವೆ ಒಂದು ಜಾಗ ಕೊಡಿ, ತಪ್ಪು ಮಾಡಲು ಎರಡು ಋತು ಸಮಯ ಕೊಡಿ. ಹೆಸರನ್ನು ಅವನೇ ಮಾಡಿಕೊಳ್ಳುತ್ತಾನೆ.