ಎಂಟನೆಯ ಅಕ್ಷರ

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ತಮ್ಮ ಮಕ್ಕಳ ಹಾಯ್ಕು ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಮೂರು ಸಾಲು, ಐದು, ಏಳು, ಐದು ಅಕ್ಷರ, ನಿಯಮ ಇಷ್ಟೇ. ನಿಯಮ ಸುಲಭವಾದಷ್ಟೂ ತೀರ್ಪುಗಾರನಿಗೆ ಸುಖ. ನಾನು ಕೆಂಪು ಪೆನ್ಸಿಲು ಹಿಡಿದು, ಬೆರಳು ಮಡಿಚಿ ಎಣಿಸಿ, ಪ್ರಕೃತಿಮಾತೆಯ ಸೌಂದರ್ಯವನ್ನು ಸರಿಯಾಗಿ ಹದಿನೇಳು ಅಕ್ಷರಗಳಲ್ಲಿ ಹೊಗಳಿದ್ದ ಹುಡುಗನೊಬ್ಬನಿಗೆ ಬಹುಮಾನ ಕೊಟ್ಟು ಬಂದೆ. ಆ ಪದ್ಯದ ಒಂದು ಮಾತೂ ಈಗ ನೆನಪಿಲ್ಲ. ನೆನಪಿರುವುದು ನಾನು ತಳ್ಳಿಹಾಕಿದ ಇನ್ನೊಂದು:

ಮಳೆ ನಿಂತಿತು
ಅಪ್ಪನಂಗಿಯ ತೋಳಲ್ಲಿ
ಇನ್ನೂ ಮಳೆಯೇ

ಹಗ್ಗದ ಮೇಲಿಂದ ತೆಗೆಯಲು ಮರೆತ ಅಂಗಿ. ಅದರ ತೋಳಿನ ತುದಿಯಿಂದ ತೊಟ್ಟಿಕ್ಕುವ ನೀರು. ಬರೆದವಳು ಕಣ್ಣಾರೆ ಕಂಡದ್ದು. ಆದರೆ ನಡುವಣ ಸಾಲಿನಲ್ಲಿ ಎಂಟು ಅಕ್ಷರಗಳಿದ್ದುವು. ಅಷ್ಟಕ್ಕೇ ಆ ಹುಡುಗಿಯನ್ನು ಸ್ಪರ್ಧೆಯಿಂದ ಹೊರಗಿಟ್ಟೆ. ಆ ಎಂಟನೆಯ ಅಕ್ಷರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಐದು-ಏಳು-ಐದರ ಲೆಕ್ಕ ನಮಗೆ ಬಂದದ್ದು ಇಂಗ್ಲಿಷಿನ ದಾರಿಯಿಂದ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಹಾಯ್ಕುವನ್ನು ಚಪ್ಪಾಳೆ ತಟ್ಟಿ ಅಕ್ಷರ ಎಣಿಸುವ ಪಾಠವಾಗಿಯೇ ಮೊದಲು ಕಲಿಯುತ್ತಾರೆ. ಆದರೆ ಜಪಾನೀಯರು ಎಣಿಸುವುದು ಅಕ್ಷರವನ್ನಲ್ಲ. ಹೆಚ್ಚುಕಡಿಮೆ ನಮ್ಮ ಮಾತ್ರೆಯನ್ನು. ‘ತೋಕ್ಯೋ’ ಎಂಬಲ್ಲಿ ನಮಗೆ ಎರಡು ಅಕ್ಷರ, ನಾಲ್ಕು ಮಾತ್ರೆ. ಅವರ ಎಣಿಕೆಯಲ್ಲೂ ಅದು ನಾಲ್ಕೇ. ‘ನಿಪ್ಪೊನ್’ ಎಂಬುದೂ ನಾಲ್ಕು. ಹದಿನೇಳು ಅಕ್ಷರಗಳಲ್ಲಿ ಮೂವತ್ತು ಮಾತ್ರೆಗಳಷ್ಟು ಮಾತನ್ನು ತುರುಕಬಹುದು; ಹದಿನೇಳು ಮಾತ್ರೆಗಳಲ್ಲಿ ಅದು ಸಾಗದು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಬೆಳೆದ ನನಗೆ ಈ ಭೇದ ಮೊದಲೇ ಹೊಳೆಯಬೇಕಿತ್ತು. ಅದೂ ಹೋಗಲಿ, ಬಾಶೋ ಮಹಾಕವಿಯೇ ಎಣಿಕೆಯನ್ನು ಕೆಲವೆಡೆ ಮೀರಿದ್ದಾನೆ. ಹಾಗೆ ಮಿಕ್ಕಿದ್ದಕ್ಕೆ ಜಪಾನಿಯಲ್ಲಿ ‘ಜಿಅಮರಿ’ ಎಂಬ ಹೆಸರೇ ಇದೆ. ಅಲ್ಲಿ ಹೆಸರು ಪಡೆದು ಬದುಕಿರುವುದನ್ನು ನಾನು ಇಲ್ಲಿ ತಪ್ಪೆಂದು ಗೀಟು ಹಾಕಿದೆ.

ಹಾಗಾದರೆ ಹಾಯ್ಕುವಿನ ತವರಿನಲ್ಲಿ ವಿದ್ಯಾರ್ಥಿಗಳ ಸ್ಪರ್ಧೆ ಹೇಗೆ ನಡೆಯುತ್ತದೆ? ಶಿಕೊಕು ದ್ವೀಪದ ಮತ್ಸುಯಾಮಾ ನಗರದಲ್ಲಿ ೧೯೯೮ರಲ್ಲಿ ಆರಂಭವಾದ ‘ಹಾಯ್ಕು ಕೋಶಿಯೆನ್’ ಇಂದು ಜಪಾನಿನ ಪ್ರೌಢಶಾಲೆಗಳಿಗೆಲ್ಲ ಪರಿಚಿತ. ಕೋಶಿಯೆನ್ ಎಂಬುದು ಶಾಲಾ ತಂಡಗಳ ರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಗಳು ನಡೆಯುವ ಕ್ರೀಡಾಂಗಣ. ಆ ಹೆಸರನ್ನೇ ಕವಿತೆಗೆ ಎರವಲು ತಂದಿದ್ದಾರೆ. ಆಗಸ್ಟ್ ತಿಂಗಳಲ್ಲಿ ಊರಿನ ಪೇಟೆಬೀದಿಯಲ್ಲೇ, ಅಂಗಡಿಸಾಲಿನ ನಡುವೆ, ಮೊದಲ ಸುತ್ತಿನ ಪಂದ್ಯಗಳು. ಋತುಸೂಚಕವಾದ ಪದವನ್ನು ಮುಂಚಿತವಾಗಿ ಕೊಟ್ಟಿರುತ್ತಾರೆ. ಎರಡು ಶಾಲೆಗಳ ತಂಡಗಳು, ಒಂದು ಕೆಂಪು, ಒಂದು ಬಿಳಿ, ಎದುರುಬದುರಾಗಿ ಕೂರುತ್ತವೆ. ಒಂದು ಪಕ್ಷದ ಪದ್ಯ ಓದಿದ ಮೇಲೆ ಇನ್ನೊಂದು ಪಕ್ಷ ಪ್ರಶ್ನೆ ಹಾಕುತ್ತದೆ: ಈ ಪದವೇ ಏಕೆ? ಇದನ್ನು ಮುಚ್ಚಿಟ್ಟು ಅದನ್ನು ಹೇಳಿದ್ದೇಕೆ? ಬರೆದವರು ಉತ್ತರ ಕೊಡಬೇಕು. ಕೊನೆಗೆ ತೀರ್ಪುಗಾರರು ಕೆಂಪು ಬಾವುಟವನ್ನೋ ಬಿಳಿ ಬಾವುಟವನ್ನೋ ಎತ್ತುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಪದ್ಯಕ್ಕೆ ಅಂಕವಿರುವಂತೆಯೇ ರಸಗ್ರಹಣಕ್ಕೂ ಬೇರೆ ಅಂಕವಿದೆ.

ಮತ್ಸುಯಾಮಾ ಮಸಾಓಕಾ ಶಿಕಿಯ (೧೮೬೭–೧೯೦೨) ಹುಟ್ಟೂರು. ಹಾಯ್ಕುವಿಗೆ ಇಂದಿನ ರೂಪವನ್ನೂ ಸ್ವತಂತ್ರವಾದ ಬಾಳನ್ನೂ ಕೊಟ್ಟವನು ಈತ. ಬೇಸ್‌ಬಾಲ್ ಆಟವೆಂದರೆ ಇವನಿಗೆ ಪ್ರಾಣ. ಸತ್ತು ನೂರು ವರ್ಷಗಳಾದ ಮೇಲೆ, ೨೦೦೨ರಲ್ಲಿ, ಜಪಾನಿನ ಬೇಸ್‌ಬಾಲ್ ಗೌರವ ಮಂದಿರದಲ್ಲಿ ಅವನಿಗೆ ಸ್ಥಾನ ದೊರೆಯಿತು. ಆದ್ದರಿಂದ ಕವಿತೆಯನ್ನು ಆಟದ ಅಂಗಳಕ್ಕೆ ತಂದದ್ದಕ್ಕೆ ಅವನು ಮುನಿಯಲಾರ. ಆದರೆ ಅಂಕದ ಮಾತು ಬೇರೆ. ಹಿಂದೆ ಅಲ್ಲಿ ಹಣ ಪಡೆದು ಪದ್ಯಗಳಿಗೆ ಅಂಕ ಹಾಕುವ ಗುರುಗಳೇ ಇದ್ದರು. ಅವರ ಮೆಚ್ಚಿಕೆಗಾಗಿ ಬರೆದ ಪದ್ಯಗಳು ಒಂದರಂತೆ ಒಂದಾಗಿ, ಸವೆದ ನಾಣ್ಯದಂತೆ ಕೈಯಿಂದ ಕೈಗೆ ತಿರುಗುತ್ತಿದ್ದುವು. ತಿಂಗಳ ಕೂಟಗಳಲ್ಲಿ ಹುಟ್ಟುತ್ತಿದ್ದ ಅಂಥ ಸಪ್ಪೆ ರಚನೆಗಳನ್ನು ಶಿಕಿ ‘ತ್ಸುಕಿನಮಿ’, ಎಂದರೆ ಮಾಸಿಕ ಸರಕು, ಎಂದು ಜರೆದ. ಕಂಡದ್ದನ್ನು ಕಂಡಂತೆ ಚಿತ್ರಿಸಿ ಎಂಬುದು ಅವನ ಬೋಧೆ. ನಾನು ಬಹುಮಾನ ಕೊಟ್ಟ ಪ್ರಕೃತಿಮಾತೆ ಮಾಸಿಕ ಸರಕು; ತಳ್ಳಿದ ಅಂಗಿಯ ತೋಳು ಕಂಡ ಚಿತ್ರ. ಶಿಕಿ ನನ್ನ ಪಕ್ಕದಲ್ಲಿ ಕುಳಿತಿದ್ದರೆ ಪೆನ್ಸಿಲನ್ನು ಕಿತ್ತುಕೊಳ್ಳುತ್ತಿದ್ದನೋ ಏನೋ.

ಅಂಥವನ ಊರಿನಲ್ಲೇ ಅಂಕ ಹಾಕುವ ಸ್ಪರ್ಧೆ ನಡೆಯುವುದು ವಿಪರ್ಯಾಸವಲ್ಲವೇ ಎಂದು ವಾಚಕರು ಕೇಳಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ನಮ್ಮ ರಾಜಶೇಖರನ ‘ಕಾವ್ಯಮೀಮಾಂಸೆ’ಯನ್ನು ನೆನೆದಾಗ ಸಂದೇಹ ಸಡಿಲವಾಯಿತು. ಪ್ರತಿಭೆ ಎರಡು ಬಗೆ ಎನ್ನುತ್ತಾನೆ ಅವನು: ಕವಿಗೆ ಉಪಕರಿಸುವುದು ಕಾರಯಿತ್ರಿ, ಸಹೃದಯನಿಗೆ ಉಪಕರಿಸುವುದು ಭಾವಯಿತ್ರಿ. ಶಾಲೆಯ ಸ್ಪರ್ಧೆಗಳೆಲ್ಲ ಮೊದಲನೆಯದನ್ನೇ ಅಳೆಯಲು ಹೊರಡುತ್ತವೆ. ಅದು ಅಳತೆಗೆ ಸಿಕ್ಕದು. ಸಿಕ್ಕದಾದಾಗ ಅಕ್ಷರ ಎಣಿಸುತ್ತವೆ. ಎರಡನೆಯದನ್ನು ಕಲಿಸಬಹುದು, ತಕ್ಕಮಟ್ಟಿಗೆ ಪರೀಕ್ಷಿಸಲೂಬಹುದು. ನೂರು ಮಕ್ಕಳಲ್ಲಿ ಒಬ್ಬ ಕವಿಯಾದಾನು. ನೂರು ಜನವೂ ಓದುಗರಾಗಬಹುದು. ಮತ್ಸುಯಾಮಾದ ಸ್ಪರ್ಧೆಯ ಹೆಚ್ಚಳವಿರುವುದು ಇಲ್ಲಿ: ಎದುರಾಳಿಯ ಪದ್ಯವನ್ನು ಚೆನ್ನಾಗಿ ಓದದೆ ಅಲ್ಲಿ ಗೆಲುವು ಸುಲಭವಲ್ಲ.

ಹಾಗೆಂದು ಅದನ್ನು ನಿರ್ದುಷ್ಟವೆನ್ನಲಾರೆ. ವಾದಕ್ಕೆ ಅಂಕವಿದ್ದಲ್ಲಿ ವಾಚಾಳಿಗೆ ಮೇಲುಗೈ. ಮಾತು ಬಾರದ ಮಗುವಿನ ಒಳ್ಳೆಯ ಪದ್ಯ ಸೋಲಬಹುದು. ವಾದದಲ್ಲಿ ಗೆಲ್ಲುವಂಥ ಪದ್ಯವನ್ನೇ ಬರೆಯುವ ಚಾಳಿಯೂ ಬೆಳೆಯಬಹುದು. ಹಾಯ್ಕು ಧ್ವನಿಯಿಂದ ಬದುಕುವ ಕವಿತೆ. ಅದರ ಮೌನವನ್ನು ಗಡಿಯಾರ ನೋಡುತ್ತ ಬಿಡಿಸಿ ಹೇಳಿದರೆ ಉಳಿಯುವುದೇನು? ಆದರೆ ಈ ಜಗಳವೂ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಅಲ್ಲಿನ ಅರಮನೆಯಲ್ಲಿ ಕವಿಗಳು ಎಡ, ಬಲ ಪಕ್ಷಗಳಾಗಿ ಕುಳಿತು ಪದ್ಯಕ್ಕೆ ಪದ್ಯ ಒಡ್ಡುತ್ತಿದ್ದರು. ಅಲ್ಲಿ ತೀರ್ಪಿನ ಜೊತೆಗೆ ತೀರ್ಪಿನ ಕಾರಣವನ್ನೂ ಹೇಳುವ ಸಂಪ್ರದಾಯ ಬೆಳೆಯಿತು.

ಕಾರಣ! ನಾನು ಆ ಹುಡುಗಿಗೆ ಕೊಟ್ಟ ಕಾರಣ ಒಂದು ಅಂಕೆ ಮಾತ್ರ. ಅವಳನ್ನು ಎದುರಿಗೆ ಕೂರಿಸಿಕೊಂಡು, “ತೋಳೇ ಏಕಮ್ಮ, ಜೇಬು ಏಕಲ್ಲ?” ಎಂದು ಕೇಳಿದ್ದರೆ, “ನೀರು ಕೊನೆಗೆ ಇಳಿಯುವುದು ಅಲ್ಲಿಗೇ ಅಲ್ಲವೇ, ಸಾರ್” ಎನ್ನುತ್ತಿದ್ದಳೇನೋ. ಸುತ್ತಲಿದ್ದ ಮಕ್ಕಳೆಲ್ಲ ಅಂದು ಸಂಜೆ ಮನೆಗೆ ಹೋಗಿ ತಮ್ಮ ಹಿತ್ತಿಲಿನ ಹಗ್ಗವನ್ನು ಒಮ್ಮೆ ನೋಡುತ್ತಿದ್ದರು. ಇನ್ನೊಮ್ಮೆ ಯಾವ ಶಾಲೆಯವರಾದರೂ ಕರೆದರೆ ಹೋಗುವೆ. ಆದರೆ ಪೆನ್ಸಿಲು ಒಯ್ಯುವುದಿಲ್ಲ. ಅರ್ಧ ಗಂಟೆ ಹೆಚ್ಚು ಹೊತ್ತು ಕೇಳಿಕೊಳ್ಳುವೆ.