ಜಲೀಲ್, ಜ಼ಲೀಲ್: ಎರಡು ಚುಕ್ಕಿಗಳ ಲೆಕ್ಕ

ಕನ್ನಡ ನುಡಿದಂತೆ ಬರೆಯುವ ಭಾಷೆ ಅಂತ ನೀವೂ ಶಾಲೆಯಲ್ಲಿ ಕೇಳಿರುತ್ತೀರಿ. ಉರ್ದೂ ಬಲ್ಲವರು ಈ ಮಾತನ್ನು ಒಮ್ಮೆ ಪರೀಕ್ಷಿಸಿ ನೋಡಿ. ಜಲೀಲ್ ಅಂದರೆ ಮಹಿಮೆಯುಳ್ಳವನು. ನಮ್ಮಲ್ಲಿ ಎಷ್ಟೋ ಜನರ ಹೆಸರು. ಜ಼ಲೀಲ್ ಅಂದರೆ ಮಾನ ಕಳೆದುಕೊಂಡವನು. ಉರ್ದೂವಿನಲ್ಲಿ ಮೊದಲನೆಯದಕ್ಕೆ ಜೀಮ್, ಎರಡನೆಯದಕ್ಕೆ ಜ಼ಾಲ್. ನಮ್ಮ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಅದೇ 'ಜ'. ಗೌರವ, ಅವಮಾನ ಎರಡೂ ಒಂದೇ ಅಕ್ಷರದೊಳಗೆ!

ಹಾಗಂತ ಉರ್ದೂ ಲಿಪಿ ಮೇಲು ಅನ್ನಬೇಡಿ. ಅದರಲ್ಲಿ 'ಹಳ್ಳಿ' ಬರೆಯಲು ಹೋಗಿ: 'ಳ' ಇಲ್ಲ, ಊರು ಹೋಗಿ ಹಲ್ಲಿ ಆಗುತ್ತೆ. 'ಕೊಡು', 'ಕೋಡು' ಬೇರೆ ಮಾಡೋಕೆ ಆಗಲ್ಲ. ಅದರ ಸ್ವಂತ ಮಾತುಗಳ ಗತಿಯೂ ಅಷ್ಟೇ. ಜ಼ೇರ್, ಪೇಶ್ ಹಾಕದಿದ್ದರೆ 'ಇಸ್', 'ಉಸ್' ಎರಡೂ ಒಂದೇ ಥರ ಕಾಣುತ್ತವೆ; ವಾಕ್ಯ ನೋಡಿ ಊಹಿಸಬೇಕು.

ಉರ್ದೂವಿನಲ್ಲಿ 'ಜ಼' ಎಂಬ ಒಂದೇ ಸದ್ದಿಗೆ ಜ಼ಾಲ್, ಜ಼ೇ, ಜ಼್ವಾದ್, ಜ಼ೋಯ್ ಎಂದು ನಾಲ್ಕು ಅಕ್ಷರ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಅರಬ್ಬಿಯಲ್ಲಿ ಇವು ಬೇರೆ ಬೇರೆ ಸದ್ದುಗಳು. ಉರ್ದೂ ನಾಲಿಗೆ ಆ ವ್ಯತ್ಯಾಸ ಬಿಟ್ಟಿತು, ಕಾಗುಣಿತ ಬಿಡಲಿಲ್ಲ. ಕನ್ನಡದ 'ಷ' ಕೂಡ ಹೀಗೇ. 'ಭಾಷೆ' ಅಂತ ಬರೆದು 'ಬಾಶೆ' ಅನ್ನುವವರೇ ಹೆಚ್ಚು. ಎರಡೂ ಲಿಪಿಗಳು ಬಾಯಿಯ ಜೊತೆಗೆ ಪದದ ತವರನ್ನೂ ನೆನಪಿಟ್ಟುಕೊಂಡಿವೆ.

ಈ ಹೊರೆ ಇಳಿಸಬೇಕು ಅಂದವರು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್. ಅವರ 'ಹೊಸಬರಹ'ದಲ್ಲಿ ಮಹಾಪ್ರಾಣಗಳಿಲ್ಲ, 'ಷ' ಇಲ್ಲ, 'ಋ' ಇಲ್ಲ. ಜನಸಾಮಾನ್ಯರ ಉಚ್ಚಾರಣೆಯನ್ನು ತಪ್ಪು ಅನ್ನದೆ, ಬರಹವೇ ಅದರ ಹತ್ತಿರ ಬರಲಿ ಅನ್ನುವ ಅವರ ನಿಲುವು ನನಗೆ ಮೆಚ್ಚುಗೆ. ಆದರೆ ಯಾರ ಉಚ್ಚಾರಣೆ? ಹೋಟೆಲ್ ಬೋರ್ಡಿನ 'ಬಿಸಿಬೇಳೆ ಬಾತ್' ಕನ್ನಡ ಕಿವಿಗೆ ಊಟ. ಮನೆಯಲ್ಲಿ ಉರ್ದೂ ಆಡುವವರಿಗೆ 'ಬಾತ್' ಅಂದರೆ ಮಾತು; ಅನ್ನವಾಗಬೇಕಾದರೆ 'ಭಾತ್' ಬೇಕು. ಕನ್ನಡ ಲಿಪಿ ಓದುವವರಲ್ಲಿ ಅವರೂ ಇದ್ದಾರಲ್ಲ? ಅವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಹಾಪ್ರಾಣ ಬರೀ ಸಂಸ್ಕೃತದ ಹೊರೆ ಅಲ್ಲ.

ಹಾಗಾದರೆ ಎಲ್ಲ ಸದ್ದಿಗೂ ಗುರುತು ಬೇಕಾ? ಬೇಡ. ನನ್ನ ಅಳತೆ ಇಷ್ಟೇ: ಗುರುತು ಬಿಟ್ಟರೆ ಒಂದು ಪದ ಇನ್ನೊಂದಾಗುತ್ತದೆಯೇ? ನಾವು 'ಕುರ್‌ಆನ್' ಅಂತ ಬರೆಯುತ್ತೇವೆ, ದಖನಿ ಬಾಯಲ್ಲಿ ಅದು 'ಖುರಾನ್', ಯಾರಿಗೂ ಗೊಂದಲವಿಲ್ಲ. ನಾಲ್ಕು 'ಜ಼'ಗಳನ್ನು ಕನ್ನಡಕ್ಕೆ ಎಳೆದು ತರುವುದೂ ಬೇಡ. ಆದರೆ ರಾಜ್ ಅಂದರೆ ಆಳ್ವಿಕೆ, ರಾಜ಼್ ಅಂದರೆ ಗುಟ್ಟು. ಫನ್ ಅಂದರೆ ಹಾವಿನ ಹೆಡೆ, ಫ಼ನ್ ಅಂದರೆ ಕಲೆ. ಇಲ್ಲಿ ಅಕ್ಷರದ ಕೆಳಗಿನ ಎರಡು ಚುಕ್ಕಿ, ಅಂದರೆ ನುಕ್ತಾ, ಬೇಕೇ ಬೇಕು. ಯೂನಿಕೋಡ್‌ನ ಕನ್ನಡ ಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಜಾಗವಿದ್ದೂ ಬಳಸದಿರುವುದು ಲಿಪಿಯ ಕೊರತೆಯಲ್ಲ, ನಮ್ಮ ಉದಾಸೀನ.

ಮುಂಬೈ, ಪುಣೆ, ಚೆನ್ನೈಗಳಲ್ಲಿ ಉರ್ದೂ ಲಿಪಿ ಬಾರದ, ಕನ್ನಡ ಓದಬಲ್ಲ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ತಾತನ ಮಾತು ಅವರಿಗೆ ನಾವು ಬರೆದ ಕನ್ನಡ ಅಕ್ಷರದಲ್ಲೇ ಸಿಗುವುದು. ಬರೆಯುವವರು ಆ ಎರಡು ಚುಕ್ಕಿ ಇಡಲಿ. ಜಲೀಲ್ ಸಾಹೇಬರ ಮರ್ಯಾದೆಯೂ ಉಳಿಯುತ್ತೆ.